ಸಂಶಯವು ಸಾಕ್ಷ್ಯವಾಗಬಾರದು
(ನವಲಗುಂದದಲ್ಲಿ ಜರುಗಿದ ವಿಚಾರಗೋಷ್ಠಿಯಲ್ಲಿ 'ಆಂತರಿಕ ಭದ್ರತೆ ಮತ್ತು ಗುಪ್ತಚರ ವ್ಯವಸ್ಥೆ' ಎಂಬ ವಿಷಯದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಿಂದ ಆಗಮಿಸಿರುವ ಸಹೋದರ ಸಹೋದರಿಯರೇ,



ಗುಪ್ತಚರ ಇಲಾಖೆ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಮಾತು ಪಿಸುಮಾತಾಗುತ್ತದೆ. ಕೆಲವರು ಭಯದಿಂದ ಮೌನವಾಗುತ್ತಾರೆ. ಇನ್ನು ಕೆಲವರು, ಎಲ್ಲವೂ ನಮ್ಮ ವಿರುದ್ಧದ ಸಂಚು ಎಂದು ಒಂದೇ ವಾಕ್ಯದಲ್ಲಿ ವಿಷಯವನ್ನು ಮುಗಿಸಿಬಿಡುತ್ತಾರೆ. ಭಯವಾಗಲಿ, ಈ ಅವಸರದ ತೀರ್ಮಾನವಾಗಲಿ, ನಮಗೆ ತಿಳಿವಳಿಕೆಯನ್ನು ಕೊಡುವುದಿಲ್ಲ. ನಮ್ಮ ತೆರಿಗೆಯಿಂದಲೇ ನಡೆಯುವ ಒಂದು ವ್ಯವಸ್ಥೆಯ ಕೆಲಸವೇನು, ಅದರ ಮಿತಿಯೇನು, ಅದನ್ನು ಪ್ರಶ್ನಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಅರಿಯುವುದು ಪ್ರತಿಯೊಬ್ಬ ನಾಗರಿಕನ ಹೊಣೆ. ಆ ಉದ್ದೇಶದಿಂದಲೇ ನಾನು ನಿಮ್ಮ ಮುಂದೆ ನಿಂತಿದ್ದೇನೆ.

ಇಸ್ಲಾಮಿನ ದೃಷ್ಟಿ

ಯಾವ ರಾಜ್ಯವೂ ಕಣ್ಣುಮುಚ್ಚಿಕೊಂಡು ತನ್ನ ಪ್ರಜೆಗಳನ್ನು ರಕ್ಷಿಸಲಾರದು. ಖಂದಕ್ ಯುದ್ಧದ ಕೊರೆಯುವ ರಾತ್ರಿಯಲ್ಲಿ ಪ್ರವಾದಿ ಮುಹಮ್ಮದ್(ಸ)ರು ಹುದೈಫಾ(ರ)ರನ್ನು ಶತ್ರು ಶಿಬಿರದ ವರ್ತಮಾನ ತಿಳಿದು ಬರಲು ಕಳುಹಿಸಿದ್ದರು. ಜೊತೆಗೆ, ಯಾರನ್ನೂ ಕೆಣಕಬಾರದೆಂಬ ಸ್ಪಷ್ಟ ಸೂಚನೆಯನ್ನೂ ಕೊಟ್ಟಿದ್ದರು. ಮಾಹಿತಿ ತರುವವನಿಗೆ ದಂಡಿಸುವ ಅಧಿಕಾರವಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿರಿ.

ಮಕ್ಕಾ ವಿಜಯಕ್ಕೆ ಮುನ್ನ ಹಾತಿಬ್(ರ) ಎಂಬ ಸಹಾಬಿ ಮಕ್ಕಾದವರಿಗೆ ಬರೆದ ರಹಸ್ಯ ಪತ್ರವೊಂದು ಸಿಕ್ಕಿಬಿತ್ತು. ಇಂದಿನ ಭಾಷೆಯಲ್ಲಿ ಅದು ರಾಷ್ಟ್ರದ್ರೋಹದ ಆರೋಪ. ಕೈಯಲ್ಲಿ ಪತ್ರವೇ ಇತ್ತು. ಆದರೂ ಪ್ರವಾದಿವರ್ಯರು(ಸ) ಅವರನ್ನು ಕರೆಸಿ, ಕಾರಣ ಕೇಳಿ, ಉತ್ತರವನ್ನು ಪೂರ್ತಿಯಾಗಿ ಆಲಿಸಿದರು. ಶಿಕ್ಷಿಸಲು ಅನುಮತಿ ಬೇಡಿದ ಉಮರ್(ರ)ರನ್ನು ತಡೆದರು. ಬದ್ರ್‌ನಲ್ಲಿ ಹಾತಿಬ್‌ರು ಸಲ್ಲಿಸಿದ ಸೇವೆಯನ್ನು ನೆನಪಿಸಿ ಅವರನ್ನು ಕ್ಷಮಿಸಿದರು. ಆರೋಪಿಯ ಮಾತನ್ನು ಕೇಳದೆ ತೀರ್ಪಿಲ್ಲ ಎಂಬ ತತ್ವಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಈ ವಿಷಯದಲ್ಲಿ ಎರಡು ಮಿತಿಗಳನ್ನು ಹಾಕಿದೆ. ಯಾರಾದರೂ ಸುದ್ದಿ ತಂದಾಗ ಪರಿಶೀಲಿಸದೆ ಕ್ರಮ ಕೈಗೊಳ್ಳಬಾರದು ಎಂಬುದು ಒಂದು; ಪರಿಶೀಲಿಸದಿದ್ದರೆ ನಿರಪರಾಧಿಗಳಿಗೆ ಹಾನಿಯಾಗಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆಯೂ ಅಲ್ಲಿದೆ. ಅತಿಯಾದ ಗುಮಾನಿಯಿಂದ ದೂರವಿರಬೇಕು, ಇತರರ ಗುಟ್ಟುಗಳನ್ನು ಕೆದಕುತ್ತಾ ಹೋಗಬಾರದು ಎಂಬುದು ಇನ್ನೊಂದು. ನಮ್ಮ ಕನ್ನಡ ನಾಡಿನ ಹಿರಿಯರು ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೇಳಿದ್ದು ಇದನ್ನೇ ಅಲ್ಲವೇ?

ಖಲೀಫಾ ಉಮರ್(ರ)ರು ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯ ಗೋಡೆ ಹತ್ತಿ ಒಳಗಿದ್ದವನ ತಪ್ಪನ್ನು ಕಂಡುಹಿಡಿದರೆಂದೂ, ಆತನು 'ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು: ಗುಟ್ಟು ಕೆದಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ' ಎಂಬರ್ಥದಲ್ಲಿ ಉತ್ತರಿಸಿದನೆಂದೂ, ಖಲೀಫರು ಅದನ್ನು ಒಪ್ಪಿ ಹಿಂದಿರುಗಿದರೆಂದೂ ಒಂದು ವರದಿಯಿದೆ. ಆಳುವವನ ಕಣ್ಣಿಗೂ ಒಂದು ಬೇಲಿ ಇರಬೇಕು ಎಂಬುದೇ ಅದರ ಪಾಠ.

ವ್ಯವಸ್ಥೆಯ ಸ್ವರೂಪ

ಈಗ ನಮ್ಮ ದೇಶದ ವ್ಯವಸ್ಥೆಯನ್ನು ನೋಡೋಣ. ಇದರಲ್ಲಿ ಮೂರು ನಾಲ್ಕು ಹೆಸರುಗಳನ್ನು ಜನರು ಒಂದಕ್ಕೊಂದು ಬೆರೆಸಿಬಿಡುತ್ತಾರೆ.

ಮೊದಲನೆಯದು ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿ. ದೇಶದೊಳಗಿನ ಭದ್ರತೆಗೆ ಸಂಬಂಧಿಸಿದ ಮಾಹಿತಿ ಸಂಗ್ರಹ ಇದರ ಕೆಲಸ. ಇದು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದ್ದು, ರಾಜ್ಯಗಳಲ್ಲಿ ಇದರ ಅಂಗಸಂಸ್ಥೆಗಳಿವೆ. ವಿದೇಶಗಳ ಬೇಹುಗಾರಿಕೆಯೂ ಮೊದಲು ಇದರ ಕೈಯಲ್ಲೇ ಇತ್ತು. 1962 ಮತ್ತು 1965ರ ಯುದ್ಧಗಳ ಅನುಭವದ ನಂತರ, 1968ರಲ್ಲಿ, ಆ ಕೆಲಸಕ್ಕಾಗಿ 'ರಾ' ಎಂಬ ಬೇರೆ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಮೂರನೆಯದು ರಾಷ್ಟ್ರೀಯ ತನಿಖಾ ದಳ, ಎನ್‌ಐಎ. 2008ರ ನವೆಂಬರ್ 26ರ ಮುಂಬೈ ದಾಳಿಯ ಬಳಿಕ ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನಿನಂತೆ ಇದು ಹುಟ್ಟಿತು. ಇವುಗಳ ಜೊತೆಗೆ ರಾಜ್ಯ ಪೊಲೀಸರ ಗುಪ್ತವಾರ್ತೆ ವಿಭಾಗವಿದೆ. ಜಿಲ್ಲಾ ಮಟ್ಟದಲ್ಲಿ ವಿಶೇಷ ಶಾಖೆಯಿದೆ. ಸಂವಿಧಾನದ ಪ್ರಕಾರ ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ಹೊಣೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ನಾವು ಮನಗಾಣಬೇಕು. ಐಬಿಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಅದು ಮೊಕದ್ದಮೆ ಹೂಡುವುದಿಲ್ಲ. ಮಾಹಿತಿಯನ್ನು ಪೊಲೀಸರಿಗೋ ಎನ್‌ಐಎಗೋ ತಲುಪಿಸಿದರೆ ಅದರ ಕೆಲಸ ಮುಗಿಯಿತು. ಬಂಧಿಸುವ ಪೊಲೀಸರು ಮತ್ತು ಎನ್‌ಐಎ ಅಧಿಕಾರಿಗಳು ಮಾತ್ರ ನ್ಯಾಯಾಲಯದ ಕಟಕಟೆಯೆದುರು ಸಾಕ್ಷ್ಯ ಮುಂದಿಟ್ಟು ವಕೀಲರ ಪಾಟೀಸವಾಲಿಗೆ ಉತ್ತರಿಸಬೇಕು.

ಈ ವಿಂಗಡಣೆ ಸಾಧಾರಣ ಸಂಗತಿಯಲ್ಲ. ಗುಪ್ತಚರ ಮಾಹಿತಿ ಎಂದರೆ 'ಹೀಗಿರಬಹುದು' ಎಂಬ ಅಂದಾಜು. ಅದು ಯಾರ ಬಾಯಿಂದ ಬಂತು, ದ್ವೇಷದಿಂದ ಬಂತೋ, ಹಣದಾಸೆಯಿಂದ ಬಂತೋ ಎಂಬುದನ್ನು ಹೊರಗಿನವರು ಪರೀಕ್ಷಿಸಲಾಗದು. ಸಾಕ್ಷ್ಯ ಎಂದರೆ ಬಹಿರಂಗ ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗಿ ಗೆದ್ದದ್ದು. ಅಂದಾಜು ತನ್ನ ಸ್ಥಾನದಲ್ಲಿದ್ದರೆ ಅದು ಜೀವ ಉಳಿಸುತ್ತದೆ. ಸಾಕ್ಷ್ಯದ ಪೀಠವನ್ನು ಏರಿದರೆ ಅದೇ ಜೀವ ಹಾಳು ಮಾಡುತ್ತದೆ.

2012ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರವೊಂದನ್ನು ಐಬಿಯ ಒಳಗೆ ಸ್ಥಾಪಿಸಿ, ಅದಕ್ಕೆ ಬಂಧಿಸುವ ಅಧಿಕಾರವನ್ನೂ ಕೊಡಲು ಹೊರಟಿತ್ತು. ಆಗ ಬೇರೆ ಬೇರೆ ಪಕ್ಷಗಳ ಮುಖ್ಯಮಂತ್ರಿಗಳು, ಗುಜರಾತ್‌ನಿಂದ ಪಶ್ಚಿಮ ಬಂಗಾಲದವರೆಗೆ, ರಾಜ್ಯಗಳ ಹಕ್ಕಿನ ಹೆಸರಿನಲ್ಲಿ ಅದನ್ನು ವಿರೋಧಿಸಿದರು. ಯೋಜನೆ ನಿಂತಿತು. ಗುಟ್ಟಾಗಿ ಕೇಳಿಸಿಕೊಳ್ಳುವ ಕಿವಿ ಮತ್ತು ಬೇಡಿ ಹಾಕುವ ಕೈ ಒಂದೇ ದೇಹದಲ್ಲಿರಬಾರದು ಎಂಬ ವಾದವು ಯಾವುದೋ ಒಂದು ಸಮುದಾಯದ ಅಳಲಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕಾನೂನಿಲ್ಲದ ಸಂಸ್ಥೆ

ಐಬಿಯ ಬೇರು 1887ರಲ್ಲಿದೆ. ಬ್ರಿಟಿಷರು ಅದನ್ನು ಕಟ್ಟಿದ್ದು ತಮ್ಮ ಸಾಮ್ರಾಜ್ಯದ ಪ್ರಜೆಗಳ ಮೇಲೆ ನಿಗಾ ಇಡಲು. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಇತಿಹಾಸವನ್ನು 1925ರಲ್ಲಿ ಬರೆದವರು ಐಬಿಯ ಉಪನಿರ್ದೇಶಕ ಬ್ಯಾಮ್‌ಫೋರ್ಡ್. ಗಾಂಧೀಜಿ ಮತ್ತು ಅಲಿ ಸಹೋದರರು ಒಂದೇ ಕಡತದಲ್ಲಿದ್ದ ಕಾಲವದು. ಸ್ವಾತಂತ್ರ್ಯಾನಂತರ ಸಂಸ್ಥೆ ಮುಂದುವರಿಯಿತು. ಆದರೆ ಅದರ ಅಧಿಕಾರವನ್ನೂ ಮಿತಿಯನ್ನೂ ಹೇಳುವ ಪ್ರತ್ಯೇಕ ಕಾನೂನನ್ನು ಸಂಸತ್ತು ಇಂದಿಗೂ ಮಾಡಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಒಂದು ಸಾಲಿದೆ. ಸಿಬ್ಬಂದಿಯ ಹಕ್ಕುಗಳನ್ನು ನಿರ್ಬಂಧಿಸುವ 1985ರ ಒಂದು ಕಾಯಿದೆಯಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಿಂದಲೂ ಅದಕ್ಕೆ ವಿನಾಯಿತಿ ಇದೆ; ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಷ್ಟೇ ಅದಕ್ಕೆ ಅಪವಾದ.

ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕೊಂಡೊಯ್ದವರು ನಮ್ಮ ರಾಜ್ಯದವರೇ, ಅದೂ ಐಬಿಯಲ್ಲೇ ಸೇವೆ ಸಲ್ಲಿಸಿ ನಿವೃತ್ತರಾದ ಆರ್.ಎನ್. ಕುಲಕರ್ಣಿಯವರು. ಐಬಿಗೆ ಕಾನೂನಿನ ಆಧಾರವೇನೆಂದು ಅವರು ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು, ಕೇಂದ್ರವು ಉತ್ತರಿಸಬೇಕಾಯಿತು. ಸಂಸದರಾಗಿದ್ದ ಮನೀಶ್ ತಿವಾರಿಯವರು 2011ರಲ್ಲಿ ಗುಪ್ತಚರ ಸಂಸ್ಥೆಗಳ ನಿಯಂತ್ರಣಕ್ಕಾಗಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಐಬಿಯನ್ನು ಕಟ್ಟಿದ ಬ್ರಿಟನ್ ತನ್ನ ಆಂತರಿಕ ಗುಪ್ತಚರ ಸಂಸ್ಥೆಗೆ 1989ರಲ್ಲಿ ಕಾನೂನು ಮಾಡಿಕೊಂಡಿತು. 1994ರಲ್ಲಿ ಸಂಸದೀಯ ಸಮಿತಿಯ ಮೇಲ್ವಿಚಾರಣೆಯನ್ನೂ ತಂದಿತು. ಯಜಮಾನ ಬದಲಾದ, ಆಳಿಗೆ ಕೊಟ್ಟ ಹಳೆಯ ಸಲುಗೆ ಮಾತ್ರ ನಮ್ಮಲ್ಲಿ ಹಾಗೆಯೇ ಉಳಿಯಿತು.

ಮೇಲ್ವಿಚಾರಣೆ ಇಲ್ಲದ ಕಣ್ಣು ಎತ್ತ ನೋಡುತ್ತದೆ? ನೇತಾಜಿ ಸುಭಾಷ್‌ಚಂದ್ರ ಬೋಸರ ಬಂಧುಗಳ ಮೇಲೆ 1948ರಿಂದ 1968ರವರೆಗೆ, ಇಪ್ಪತ್ತು ವರ್ಷ, ನಿಗಾ ಇಡಲಾಗಿತ್ತೆಂದು 2015ರಲ್ಲಿ ಕಡತಗಳಿಂದ ಹೊರಬಿತ್ತು. ನಮ್ಮ ರಾಜ್ಯದಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೇ ರಾಜೀನಾಮೆ ಕೊಡಬೇಕಾಯಿತು. ಇತ್ತ, ನೋಡಬೇಕಾದದ್ದು ಕಾಣದೇ ಹೋದದ್ದೂ ಇದೆ. 1948ರ ಜನವರಿ 20ರಂದು ಗಾಂಧೀಜಿಯವರ ಪ್ರಾರ್ಥನಾ ಸಭೆಯಲ್ಲಿ ಬಾಂಬ್ ಸ್ಫೋಟಿಸಿ ಒಬ್ಬನು ಸೆರೆಸಿಕ್ಕಿದ್ದ. ಆ ನಂತರವೂ ಹತ್ತು ದಿನಗಳ ಕಾಲಾವಕಾಶವಿತ್ತು. ಮಹಾತ್ಮರ ಪ್ರಾಣ ಉಳಿಯಲಿಲ್ಲ.

ಈ ಮಣ್ಣಿನ ಪಾಠ

ದೂರದ ಮಾತೇಕೆ? 1980ರ ಜುಲೈ 21ರಂದು ಇದೇ ನವಲಗುಂದದಲ್ಲಿ ಮತ್ತು ನೆರೆಯ ನರಗುಂದದಲ್ಲಿ ಗೋಲಿಬಾರ್ ನಡೆಯಿತು. ಮಲಪ್ರಭಾ ಅಚ್ಚುಕಟ್ಟಿನ ರೈತರು ಬಾರದ ನೀರಿಗೆ ಹೇರಿದ ಕರದ ವಿರುದ್ಧ ತಿಂಗಳುಗಟ್ಟಲೆ ಮೊರೆಯಿಟ್ಟಿದ್ದರು. 2016ರ ಜುಲೈನಲ್ಲಿ ಮಹಾದಾಯಿ ಹೋರಾಟದ ಸಮಯದಲ್ಲಿ ಇದೇ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಥಳಿಸಿದ್ದನ್ನು ನಾಡೆಲ್ಲ ನೋಡಿತು. ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊತ್ತು ಬರುವ ರಾಜಾಬಾಗಸವಾರರ ಊರದು. ಜನರ ನೋವನ್ನು ಮುಂಚಿತವಾಗಿ ಅರಿತು ಸರಕಾರಕ್ಕೆ ತಿಳಿಸುವುದೇ ಗುಪ್ತವಾರ್ತೆಯ ನಿಜವಾದ ಸೇವೆ. ಆ ಸೇವೆ ನಡೆಯದಿದ್ದಲ್ಲಿ ಲಾಠಿ ಬರುತ್ತದೆ, ಮತ್ತು ಲಾಠಿಗೆ ಜಾತಿ ಮತದ ಭೇದವಿಲ್ಲ.

ಹುಬ್ಬಳ್ಳಿ ಕಲಿಸಿದ್ದು

2008ರ ಜನವರಿಯಲ್ಲಿ ದಾವಣಗೆರೆ ಜಿಲ್ಲೆಯ ಹೊನ್ನಾಳಿಯಲ್ಲಿ ಬೈಕ್ ಕಳವಿನ ಸಂಶಯದ ಮೇಲೆ ಇಬ್ಬರು ಯುವಕರು ಸಿಕ್ಕಿಬಿದ್ದರು. ಅಲ್ಲಿಂದ ಆರಂಭವಾದ ಬಂಧನಗಳು ಹುಬ್ಬಳ್ಳಿಯ ಕಿಮ್ಸ್‌ನ ವೈದ್ಯಕೀಯ ವಿದ್ಯಾರ್ಥಿಯವರೆಗೂ ತಲುಪಿದವು. ಕ್ಯಾಸಲ್‌ರಾಕ್ ಕಾಡಿನಲ್ಲಿ ತರಬೇತಿ, ಸ್ಫೋಟದ ಸಂಚು ಎಂದು ತಿಂಗಳುಗಟ್ಟಲೆ ಸುದ್ದಿ ಹರಿಯಿತು. ಪ್ರತಿ ಸುದ್ದಿಯಲ್ಲೂ 'ಬಲ್ಲ ಮೂಲಗಳ ಪ್ರಕಾರ' ಎಂಬ ಮಾತು. 2015ರ ಏಪ್ರಿಲ್ 30ರಂದು ಹುಬ್ಬಳ್ಳಿಯ ನ್ಯಾಯಾಲಯವು ಈ ಪ್ರಕರಣದ ಹದಿನೇಳೂ ಆರೋಪಿಗಳನ್ನು ದೋಷಮುಕ್ತಗೊಳಿಸಿತು. ಅವರಲ್ಲಿ ಕೆಲವರ ಮೇಲೆ ಇತರ ರಾಜ್ಯಗಳಲ್ಲಿ ಬೇರೆ ಮೊಕದ್ದಮೆಗಳಿದ್ದವು. ಅವನ್ನು ನಿರ್ಣಯಿಸುವುದು ಆಯಾ ನ್ಯಾಯಾಲಯಗಳ ಕೆಲಸ. ಆದರೆ ಏಳು ವರ್ಷಗಳ ಹಿಂದೆ ಮುಖಪುಟದಲ್ಲಿ ಬಂದ ಆರೋಪಕ್ಕೂ, ಒಳಪುಟದಲ್ಲಿ ಬಂದ ಬಿಡುಗಡೆಗೂ ಇರುವ ಅಂತರವನ್ನು ಅಳೆಯುವವರು ಯಾರು?

ಅದೇ 2008ರ ಮೇ 10ರಂದು, ವಿಧಾನಸಭಾ ಚುನಾವಣೆಯ ಮೊದಲ ಹಂತದ ಮತದಾನದ ದಿನ, ಹುಬ್ಬಳ್ಳಿಯ ನ್ಯಾಯಾಲಯ ಸಂಕೀರ್ಣದಲ್ಲಿ ಸ್ಫೋಟವಾಯಿತು. ಎರಡನೇ ಶನಿವಾರದ ರಜೆಯಾದ್ದರಿಂದ ಜೀವಹಾನಿ ತಪ್ಪಿತು. ಕೂಡಲೇ ಬೆರಳು ಚಾಚಿದ್ದು ಎತ್ತ ಎಂದು ನಾನು ಹೇಳಬೇಕಾಗಿಲ್ಲ. 2009ರ ಜನವರಿಯಲ್ಲಿ ಪೊಲೀಸರು ಬಂಧಿಸಿದ್ದು ಬೇರೆಯೇ ಒಂದು ಗುಂಪನ್ನು, ಬಂಧಿತರು ಮುಸ್ಲಿಮರಾಗಿರಲಿಲ್ಲ. ಇದನ್ನು ನಾನು ಹೇಳುತ್ತಿರುವುದು ಇನ್ನೊಂದು ಸಮುದಾಯದತ್ತ ಬೆರಳು ಚಾಚಲಿಕ್ಕಲ್ಲ. ಆರೋಪಿಗಳೆಂದರೆ ಅಪರಾಧಿಗಳಲ್ಲ ಎಂಬ ನಿಯಮ ಅವರಿಗೂ ಅನ್ವಯಿಸುತ್ತದೆ. ಪೂರ್ವಾಗ್ರಹವಿದ್ದಲ್ಲಿ ತನಿಖೆಯ ಅಮೂಲ್ಯ ದಿನಗಳು ವ್ಯರ್ಥವಾಗುತ್ತವೆ ಎಂಬುದಷ್ಟೇ ನನ್ನ ವಾದ.

ಇನ್ನೊಂದು ಪ್ರಕರಣವನ್ನೂ ಪೂರ್ತಿಯಾಗಿ ಹೇಳುವುದು ನ್ಯಾಯ. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಹನ್ನೊಂದು ಯುವಕರನ್ನು ಬಂಧಿಸಲಾಯಿತು. ಅವರಲ್ಲಿದ್ದ ಪತ್ರಕರ್ತರೊಬ್ಬರ ವಿರುದ್ಧ ಎನ್‌ಐಎಗೆ ಆರೋಪಪಟ್ಟಿ ಸಲ್ಲಿಸಲು ಏನೂ ಸಿಗಲಿಲ್ಲ. ಆರು ತಿಂಗಳ ಸೆರೆವಾಸದ ನಂತರ, 2013ರ ಫೆಬ್ರವರಿಯಲ್ಲಿ, ಅವರು ಹೊರಬಂದರು. ಆದರೆ ಅದೇ ಪ್ರಕರಣದಲ್ಲಿ 2016ರಲ್ಲಿ ಹದಿಮೂರು ಮಂದಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದರು. ಮೊದಲನೆಯ ಸಂಗತಿಯನ್ನು ಮಾತ್ರ ಹೇಳಿ ಎರಡನೆಯದನ್ನು ಮುಚ್ಚಿಟ್ಟರೆ ನಾವೂ 'ಬಲ್ಲ ಮೂಲ'ಗಳಂತೆಯೇ ಆಗುತ್ತೇವೆ. 2022ರ ನವೆಂಬರ್‌ನ ಮಂಗಳೂರು ಆಟೋರಿಕ್ಷಾ ಸ್ಫೋಟ, 2024ರ ಮಾರ್ಚ್ 1ರ ಬೆಂಗಳೂರು ರಾಮೇಶ್ವರಂ ಕೆಫೆ ಸ್ಫೋಟಗಳು ಕಲ್ಪನೆಯಲ್ಲ. ಊಟಕ್ಕೆ ಕುಳಿತವರನ್ನೂ ಆಟೋ ಓಡಿಸಿ ಹೊಟ್ಟೆ ಹೊರೆಯುವವನನ್ನೂ ಗಾಯಗೊಳಿಸಿದ ಕೃತ್ಯಗಳವು. ಯಾರೇ ಮಾಡಿರಲಿ, ಯಾವ ಹೆಸರಿನಲ್ಲೇ ಮಾಡಿರಲಿ, ಅದು ಹರಾಮ್. ಅದನ್ನು ತಡೆಯುವ ಗುಪ್ತಚರ ಕಾರ್ಯ ನಮಗೂ ಬೇಕು, ನಮ್ಮ ಮಕ್ಕಳಿಗೂ ಬೇಕು.

ಹಾಗಾದರೆ ಒಳ್ಳೆಯ ವ್ಯವಸ್ಥೆ ಹೇಗಿರುತ್ತದೆ? ನಮ್ಮ ನಾಡಿನವರೇ ಆದ ಡಾ. ಮುಹಮ್ಮದ್ ಹನೀಫ್‌ರ ಪ್ರಕರಣ ನೆನಪಿಸಿಕೊಳ್ಳಿ. ಗ್ಲಾಸ್ಗೋ ದಾಳಿಯ ನಂತರ, 2007ರ ಜುಲೈ 2ರಂದು, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅವರು ಬಂಧಿತರಾದರು. ತಾವು ಬಂಧುವಿಗೆ ಬಿಟ್ಟುಕೊಟ್ಟಿದ್ದ ಸಿಮ್ ಕಾರ್ಡ್ ದಾಳಿಯ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅದು ಸಿಕ್ಕಿದ್ದು ಬೇರೊಂದು ನಗರದಲ್ಲಿ. ಅದೇ ತಿಂಗಳ 27ರಂದು ಆರೋಪ ಹಿಂತೆಗೆಯಲಾಯಿತು. ಬಳಿಕ ನಿವೃತ್ತ ನ್ಯಾಯಾಧೀಶ ಕ್ಲಾರ್ಕ್‌ರ ವಿಚಾರಣೆ ನಡೆಯಿತು. ಆ ವಿಚಾರಣೆಯಿಂದ ತಿಳಿದುಬಂದ ಒಂದು ಸಂಗತಿ ನಾವೆಲ್ಲ ತಿಳಿಯತಕ್ಕದ್ದು: ಹನೀಫ್‌ರಿಗೆ ದಾಳಿಯ ಅರಿವಿತ್ತೆನ್ನಲು ಏನೂ ಇಲ್ಲವೆಂದು ಅಲ್ಲಿನ ಗುಪ್ತಚರ ಸಂಸ್ಥೆಯೇ ಆ ಜುಲೈಯಲ್ಲೇ ಸರಕಾರಕ್ಕೆ ತಿಳಿಸಿತ್ತು. 2010ರಲ್ಲಿ ಅವರಿಗೆ ಪರಿಹಾರವೂ ದೊರೆಯಿತು. ಪ್ರಾಮಾಣಿಕ ಗುಪ್ತಚರ ಅಧಿಕಾರಿ ನಿರಪರಾಧಿಯ ಮಿತ್ರ. ಅವನನ್ನು ನಾವು ಶತ್ರುವೆಂದು ಭಾವಿಸಬೇಕಾಗಿಲ್ಲ. ಮುಚ್ಚಿದ ಬಾಗಿಲುಗಳನ್ನು ತೆರೆದು ನೋಡುವ ಒಬ್ಬ ನ್ಯಾಯಾಧೀಶ ಬೇಕು, ಅಷ್ಟೇ.

ನಮ್ಮ ಬೇಡಿಕೆ, ನಮ್ಮ ಹೊಣೆ

ನಾವು ಸರಕಾರದ ಮುಂದಿಡಬೇಕಾದ ಬೇಡಿಕೆಗಳು ಸಂವಿಧಾನದ ಚೌಕಟ್ಟಿನವು. ಗುಪ್ತಚರ ಸಂಸ್ಥೆಗಳಿಗೆ ಸಂಸತ್ತಿನ ಕಾನೂನು ಮತ್ತು ಸಂಸದೀಯ ಸಮಿತಿಯ ಮೇಲ್ವಿಚಾರಣೆ ಇರಬೇಕು. ಆರೋಪ ಸಾಬೀತಾಗುವ ಮೊದಲೇ ಮಾಹಿತಿಯನ್ನು ಪತ್ರಿಕೆಗಳಿಗೆ ಸೋರಿಸುವ ಅಧಿಕಾರಿಗಳ ಮೇಲೆ ಕ್ರಮವಾಗಬೇಕು. ದೋಷಮುಕ್ತರಾದವರಿಗೆ ಪರಿಹಾರ ಮತ್ತು ಪುನರ್ವಸತಿ ಕಾನೂನಿನ ಹಕ್ಕಾಗಬೇಕು. ಯುಎಪಿಎ ಕಾಯಿದೆಯಲ್ಲಿ ಆರೋಪಪಟ್ಟಿಯಿಲ್ಲದೆ 180 ದಿನಗಳವರೆಗೆ ಸೆರೆಯಲ್ಲಿಡಲು ಅವಕಾಶವಿದೆ. ಜಾಮೀನು ಅತಿ ಕಠಿಣ. ಕಲಬುರ್ಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬರು ಟಾಡಾ ಕಾಲದಲ್ಲಿ, 1994ರಲ್ಲಿ, ಬಂಧಿತರಾಗಿ, ಸುಪ್ರೀಂ ಕೋರ್ಟಿನಿಂದ ನಿರ್ದೋಷಿಯೆಂದು ಬಿಡುಗಡೆಯಾದದ್ದು 2016ರಲ್ಲಿ. ಆ ಇಪ್ಪತ್ತೆರಡು ವರ್ಷಗಳನ್ನು ಯಾವ ಖಜಾನೆ ಹಿಂದಿರುಗಿಸೀತು?

ಈಗ ನಮ್ಮ ಹೊಣೆ. ಬೇಡಿಕೆಗಳಿಗಿಂತ ಇದು ಕಷ್ಟದ್ದು.

ಒಂದು, ಓದು ನಿಲ್ಲಬಾರದು. ವೈದ್ಯಕೀಯ ವಿದ್ಯಾರ್ಥಿಯ ಬಂಧನವಾದರೆ, ಮಗನನ್ನು ದೂರದ ಊರಿಗೆ ಕಳುಹಿಸುವುದೇ ಬೇಡ ಎಂಬ ಭಯ ತಾಯಂದಿರಲ್ಲಿ ಹುಟ್ಟುವುದು ಸಹಜ. ಆದರೆ ಆ ಭಯಕ್ಕೆ ಮಣಿದರೆ ಬಂಧನವಾಗದೆಯೇ ಒಂದು ತಲೆಮಾರು ಸೆರೆಯಾಗುತ್ತದೆ. ಐಪಿಎಸ್‌ನಲ್ಲಿ ಮುಸ್ಲಿಮರ ಪಾಲು ಕೇವಲ ಶೇ. 4 ಎಂದು 2006ರ ಸಾಚಾರ್ ವರದಿ ತೋರಿಸಿತ್ತು. ನಮ್ಮ ಮಕ್ಕಳು ಪೊಲೀಸ್ ಇಲಾಖೆಗೂ, ವಕೀಲಿಗೂ, ಪತ್ರಿಕಾರಂಗಕ್ಕೂ ಹೋಗಬೇಕು. ಸಂಶಯವನ್ನು ಕರಗಿಸಲು ಪರಿಚಯಕ್ಕಿಂತ ಮಿಗಿಲಾದ ಮದ್ದಿಲ್ಲ.

ಎರಡು, ಕಾನೂನು ತಿಳಿದಿರಬೇಕು. ಬಂಧಿಸಿದವನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಯುಎಪಿಎ ಅಡಿಯಲ್ಲೂ ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಕಸ್ಟಡಿಯಲ್ಲಿರುವವರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ವಿಚಾರಣೆಗೆ ಕರೆದರೆ ಓಡಿಹೋಗಬಾರದು. ವಕೀಲರನ್ನು ಕಂಡು, ನೋಟಿಸು ಪಡೆದು, ಹಾಜರಾಗಿ ಸತ್ಯ ಹೇಳಬೇಕು. ಪ್ರತಿ ಊರಿನ ಅಂಜುಮನ್‌ನಲ್ಲಿ ಒಬ್ಬ ವಕೀಲರ ಹೆಸರು ಗೋಡೆಯ ಮೇಲೆ ಬರೆದಿರಲಿ.

ಮೂರು, ನಮ್ಮ ಯುವಕರ ಮೇಲೆ ನಮ್ಮ ಕಣ್ಣಿರಲಿ. ಮೊಬೈಲ್‌ನಲ್ಲಿ ಅಪರಿಚಿತನೊಬ್ಬನು ದ್ವೇಷದ ಬೋಧನೆ ಮಾಡುತ್ತಿದ್ದರೆ ಅದನ್ನು ಮೊದಲು ಅರಿಯಬೇಕಾದವರು ತಂದೆ, ತಾಯಿ, ಇಮಾಮರು. ಇದು ಗುಟ್ಟು ಕೆದಕುವುದಲ್ಲ, ಪಾಲನೆ. ಅಪರಾಧದ ಸಿದ್ಧತೆ ನಡೆದಿರುವುದು ನಿಜವಾಗಿ ತಿಳಿದರೆ ಪೊಲೀಸರಿಗೆ ತಿಳಿಸುವುದೂ ಕರ್ತವ್ಯ. ಆದರೆ ಹೊಲದ ಬದುವಿನ ಜಗಳಕ್ಕೋ, ಜಮಾಅತ್ ಚುನಾವಣೆಯ ಸಿಟ್ಟಿಗೋ ಅನಾಮಧೇಯ ಅರ್ಜಿ ಬರೆದು ಅಣ್ಣತಮ್ಮನ ಮನೆಗೆ ಪೊಲೀಸರನ್ನು ಕಳುಹಿಸುವವನು ಅಲ್ಲಾಹನ ಮುಂದೆ ಉತ್ತರಿಸಬೇಕಾಗುವುದು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ನ್ಯಾಯಾಲಯ ನಿರ್ದೋಷಿಯೆಂದು ಬಿಟ್ಟ ಯುವಕ ಊರಿಗೆ ಮರಳಿದಾಗ ನಾವು ಏನು ಮಾಡುತ್ತೇವೆ? ಅವನಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತೇವೆ. ಅಂಗಡಿಯಲ್ಲಿ ಕೆಲಸ ಕೇಳಿದರೆ 'ನೋಡೋಣ' ಎನ್ನುತ್ತೇವೆ. ಅವನ ತಂಗಿಯ ನಿಕಾಹ್ ಪ್ರಸ್ತಾಪ ಬಂದರೆ ಮಾತು ಬದಲಿಸುತ್ತೇವೆ. ನ್ಯಾಯಾಧೀಶರು ಅಳಿಸಿದ ಕಳಂಕವನ್ನು ನಾವು ಮತ್ತೆ ಬರೆಯುತ್ತೇವೆ. ಸಂಶಯವನ್ನು ಸಾಕ್ಷ್ಯವಾಗಿಸಬಾರದೆಂದು ಸರಕಾರಕ್ಕೆ ಹೇಳುವ ನಾವು ನಮ್ಮ ಮೊಹಲ್ಲಾದಲ್ಲಿ ಅದನ್ನೇ ಮಾಡಿದರೆ ನಮ್ಮ ಬೇಡಿಕೆಗೆ ಬೆಲೆಯೆಲ್ಲಿದೆ?

ಆದ್ದರಿಂದ ಈ ಸಭೆಯಿಂದ ಹೊರಡುವಾಗ ಒಂದು ಸಂಕಲ್ಪ ಮಾಡೋಣ. ನಮ್ಮ ನಾಲ್ಕು ತಾಲೂಕುಗಳ ಯಾವುದೇ ಜಮಾಅತ್‌ನಲ್ಲಿ ದೋಷಮುಕ್ತನಾದ ಒಬ್ಬನಿದ್ದರೂ, ಅವನಿಗೊಂದು ಕೆಲಸ, ಅವನ ಮಕ್ಕಳಿಗೆ ಶಾಲೆಯ ಶುಲ್ಕ, ಅವನ ಮನೆಗೆ ನಮ್ಮ ಭೇಟಿ, ಇವು ಆ ಜಮಾಅತ್‌ನ ಹೊಣೆಯಾಗಲಿ. ಅಲ್ಲಾಹನು ನಮ್ಮ ದೇಶಕ್ಕೆ ಶಾಂತಿಯನ್ನೂ, ಆಳುವವರಿಗೆ ನ್ಯಾಯಬುದ್ಧಿಯನ್ನೂ, ನಮಗೆ ಪರಸ್ಪರ ವಿಶ್ವಾಸವನ್ನೂ ದಯಪಾಲಿಸಲಿ. ಆಮೀನ್.